ಕೆ ಎರಡು, ಪಿ ಎರಡು

ಸಹೋದರರೇ, ಸಹೋದರಿಯರೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಇತ್ತ ಕಿವಿಗೊಡಿ. ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬನ್ನಿ, ನಾನು ಕಾಯುತ್ತೇನೆ. ಹದಿನೆಂಟು ವರ್ಷಗಳಿಂದ ದೋಹಾದ ಬಿನ್ ಒಮ್ರಾನ್‌ನಲ್ಲಿರುವ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಪ್ರತಿ ಶುಕ್ರವಾರ ಸಂಜೆ ಪ್ರಾರ್ಥನಾಕೂಟ ನಡೆಸುತ್ತ, ಅರುವತ್ತು ಮಂದಿಗೆ ಅವರವರ ಪಾಪಗಳನ್ನು ಬಿಡಿಸಿ ಬಿಡಿಸಿ ತೋರಿಸಿಕೊಟ್ಟವನು ನಾನು, ಬ್ರದರ್ ಕಾಸ್ಮಿರ್. ಈ ಸಲ ನನ್ನದನ್ನು ಬಿಡಿಸಿ ತೋರಿಸುತ್ತೇನೆ. ಬಿಡಿಸುವುದೆಂದರೆ ಬರಿಯ ಅಲಂಕಾರದ ಮಾತಲ್ಲ; ನಿಜವಾಗಿಯೂ ಬಿಡಿಸಿದ್ದೇನೆ, ದೋಹಾದಿಂದ ಅಲ್ ಖೋರ್‌ವರೆಗೆ, ಐವತ್ತು ಕಿಲೋಮೀಟರ್!

ಇದೇ ಎರಡು ಸಾವಿರದ ಐದನೆಯ ಇಸವಿಯ ತಪಸ್ಸುಕಾಲ. ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಆ ನಲವತ್ತು ದಿನ ನಾವು ಏನಾದರೊಂದು ಪ್ರಿಯವಾದದ್ದನ್ನು ತ್ಯಜಿಸುವುದು ಪದ್ಧತಿ. ನನ್ನ ಸಹೋದ್ಯೋಗಿಯೂ ಕೂಟದ ಕಾರ್ಯದರ್ಶಿಯೂ ಆದ ಆಂಟನಿ ಮೀನು ಬಿಟ್ಟ. ಅವನು ಮಲ್ಪೆಯವನು, ಆ ತ್ಯಾಗದ ಭಾರವನ್ನು ನೀವೇ ಊಹಿಸಿ. ನನ್ನ ಪತ್ನಿ ಬೆನಿಟಾ ಚಹಾದ ಸಕ್ಕರೆ ಬಿಟ್ಟಳು. ಇಂಥ ಚಿಲ್ಲರೆ ತ್ಯಾಗಗಳು ನನ್ನಂಥವನಿಗೆ ಒಪ್ಪುತ್ತವೆಯೇ? ನಾನು ಎದ್ದು ನಿಂತು, ಮೈಕನ್ನು ಎರಡು ಸಲ ತಟ್ಟಿ, ಘೋಷಿಸಿದೆ:

"ಈ ನಲವತ್ತು ದಿನ ನಾನು ಸಂಶಯವನ್ನು ತ್ಯಜಿಸಿದ್ದೇನೆ! ಯಾರ ಮೇಲೂ, ಯಾವ ಕಾರಣಕ್ಕೂ ಸಂಶಯ ಪಡುವುದಿಲ್ಲ!"

ಚಪ್ಪಾಳೆ ಬಿತ್ತು. ಬೆನಿಟಾ ಮಾತ್ರ ಕಪ್ಪುಗಳನ್ನು ಎತ್ತುತ್ತ ಮೆಲ್ಲಗೆ ಹೇಳಿದಳು, "ಅಷ್ಟು ಕಷ್ಟದ್ದು ಯಾಕೆ ಹಿಡಿದ್ರಿ? ನೀವೂ ಮೀನು ಬಿಟ್ಟಿದ್ರೆ ಸಾಕಿತ್ತು."

"ಯಾಕೆ? ನನ್ನಿಂದ ಆಗುವುದಿಲ್ಲ ಎಂದು ನಿನಗೆ ಅನುಮಾನವೇ? ನನ್ನ ಬೆನ್ನ ಹಿಂದೆ ಯಾರಾದರೂ ಏನಾದರೂ ಹೇಳಿದರೇ?"

"ಇದು ಎಂತ ಮತ್ತೆ? ಸಂಶಯ ಅಲ್ವಾ?"

ಒಂದು ನಿಮಿಷವೂ ಆಗಿರಲಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಾನು ವಾದಿಸಿದೆ.

ನನ್ನ ಕಷ್ಟವನ್ನೂ ನೀವು ಅರ್ಥಮಾಡಿಕೊಳ್ಳಬೇಕು. ಮುಶೈರಿಬ್‌ನ ಒಂದು ಕಂಟ್ರಾಕ್ಟಿಂಗ್ ಕಂಪೆನಿಯಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಯಾವ ನಕ್ಷೆ ಯಾರ ಕೈಯಿಂದ ಯಾರ ಕೈಗೆ, ಯಾವ ದಿನ, ಎಷ್ಟನೆಯ ಪರಿಷ್ಕರಣೆಯಾಗಿ ಹೋಯಿತೆಂಬುದನ್ನು ಹಿಡಿದು ಹಾಕುವುದು ನನ್ನ ಉದ್ಯೋಗ. ಸಂಶಯವೇ ನನ್ನ ಅನ್ನ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಅದನ್ನೇ ಉಂಡು, ಐದೂವರೆಗೆ ಮನೆಯ ಹೊಸ್ತಿಲಲ್ಲಿ ಕೈ ತೊಳೆದುಕೊಳ್ಳಬೇಕೆಂದರೆ ಸಾಧಾರಣ ಮನುಷ್ಯನಿಗೆ ಸಾಧ್ಯವೇ? ನನಗೆ ಸಾಧ್ಯವೆಂದು ನಾನು ನಂಬಿದ್ದೆ.

ಮೂರನೆಯ ದಿನ ಬಾಗಿಲು ತೆರೆಯುತ್ತಿದ್ದಂತೆ ಬೆನಿಟಾಳ ದನಿ ಕೇಳಿಸಿತು. "ಆಯ್ತು, ಆಯ್ತು. ಇವರು ಬಂದ್ರು, ಇಡ್ತೇನೆ."

"ಯಾರದು ಫೋನ್?"

"ರಾಂಗ್ ನಂಬರ್."

"ರಾಂಗ್ ನಂಬರಿನವನಿಗೆ ನಾನು ಬಂದ ಸುದ್ದಿ ಯಾಕೆ?"

ಬೆನಿಟಾ ತೋರುಬೆರಳೆತ್ತಿ, ನಾನು ಪ್ರವಚನದಲ್ಲಿ ಎತ್ತುವ ಹಾಗೆಯೇ ಎತ್ತಿ, "ತಪಸ್ಸುಕಾಲ!" ಎಂದಳು. ನಾನು ಬಾಯಿ ಮುಚ್ಚಿದೆ.

ಬಾಯಿಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಾವು ಕೊಂಕಣಿ ಮಾತಾಡುವವರು ಹೆಂಗಸರನ್ನು ಗೌರವದಿಂದ 'ಬಾಯ್' ಎಂದು ಕರೆಯುತ್ತೇವೆ. ಕೂಟದವರಿಗೆಲ್ಲ ಅವಳು ಬೆನಿಟಾ ಬಾಯ್. "ನಮ್ಮ ಮನೆಯಲ್ಲಿ ಬಾಯ್ ನಾನು, ಬಾಯಿ ಇವರು" ಎಂದು ಅವಳು ಬಂದವರೆದುರು ನಗುವುದುಂಟು. ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ನನ್ನ ಮೂರು ಪ್ರವಚನಗಳಿಗೆ ದೃಷ್ಟಾಂತವಾಯಿತು. ದೃಷ್ಟಾಂತವಿಲ್ಲದೆ ಪ್ರವಚನ ಹೇಗೆ? ಮನೆಯಲ್ಲಲ್ಲದೆ ದೃಷ್ಟಾಂತ ಇನ್ನೆಲ್ಲಿ?

ಮುಂದಿನ ವಾರ ಇನ್ನೊಂದು ಲಕ್ಷಣ. ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಕುಳಿತಿದ್ದಾಳೆ, ತುಟಿಗಳು ಅಲುಗುತ್ತಿವೆ, ನಡುನಡುವೆ ತಲೆ ತೂಗುತ್ತಿದೆ. ಪ್ರಾರ್ಥನೆಯೆಂದು ನನಗೆ ಹಿತವೆನಿಸಿತು. ಬಳಿಗೆ ಹೋಗಿ ಭಕ್ತಿಯಿಂದ ಕೇಳಿದೆ:

"ಯಾವ ಜಪ, ಬೆನಿಟಾ?"

"ಅಯ್ಯೋ! ಮೂವತ್ತೆಂಟಾ, ಮೂವತ್ತೊಂಬತ್ತಾ? ತಪ್ಪಿಸಿಬಿಟ್ರಲ್ಲ ಮಾರಾಯ್ರೆ!" ಎಂದು ಮಡಿಲಲ್ಲಿದ್ದುದೇನನ್ನೋ ಕೊತ್ತಂಬರಿ ಸೊಪ್ಪಿನ ಚೀಲಕ್ಕೆ ತುರುಕಿ ಎದ್ದು ಹೋದಳು.

ನಮ್ಮ ಜಪಸರದಲ್ಲಿ ಹತ್ತು ಹತ್ತಾಗಿ ಮಣಿಗಳಿರುತ್ತವೆ. ಮೂವತ್ತೊಂಬತ್ತರ ಲೆಕ್ಕದ ಜಪ ನಾನು ಕೇಳಿದ್ದಿಲ್ಲ. ಇದು ನಮ್ಮ ಪ್ರಾರ್ಥನೆಯಲ್ಲ! ಹಾಗಾದರೆ ಯಾರದು?

ಅಂದಿನಿಂದ ನನ್ನ ಕಣ್ಣುಗಳು ನನ್ನ ವ್ರತಕ್ಕೆ ವಿಧೇಯವಾಗಿ ಉಳಿಯಲಿಲ್ಲ. ಅವಳ ಕಪ್ಪು ರವಿಕೆಯ ಮೇಲೆ ಹಳದಿ ನಯವಾದ ನೂಲಿನ ತುಣುಕುಗಳು ಕಂಡವು. ಉಣ್ಣೆ! ಕತಾರಿನಲ್ಲಿ ಉಣ್ಣೆ! ವರ್ಷದಲ್ಲಿ ಏಳು ತಿಂಗಳು ತಣ್ಣೀರಿನ ನಲ್ಲಿ ತಿರುಗಿಸಿದರೆ ಚಹಾ ಮಾಡಬಹುದಾದ ನೀರು ಬರುವ ಈ ದೇಶದಲ್ಲಿ ಉಣ್ಣೆಯನ್ನು ಮುಟ್ಟುವವರು ಯಾರು? ಯೋಚಿಸಿದೆ. ಕುರುಬರು. ಕುರುಬನೆಂದರೆ ಮಂದೆ, ಮಂದೆಯೆಂದರೆ ಕೂಟ. ಒಂದು ಕುರಿ ಬೇರೆ ಮಂದೆಗೆ ಹೊರಟಿದೆಯೇ? ನನ್ನ ತರ್ಕ ಎಷ್ಟು ವೇಗವಾಗಿ ಓಡಿತೆಂದರೆ ನಾನೇ ಹಿಂದೆ ಉಳಿದುಬಿಟ್ಟೆ.

ಫ್ಲಾಟಿನ ಬೀಗದ ಕೈ ಹುಡುಕಲೆಂದು ಅವಳ ಕೈಚೀಲಕ್ಕೆ ಕೈ ಹಾಕಿದ್ದು ಆ ಶುಕ್ರವಾರ. ಬೀಗದ ಕೈ ನನ್ನ ಜೇಬಿನಲ್ಲಿಯೇ ಇತ್ತೆಂಬುದು ಆಮೇಲೆ ತಿಳಿಯಿತು. ಅಂದರೆ, ಮೊದಲೇ ತಿಳಿದಿತ್ತು. ಒಳಗೆ ಮಡಿಸಿದ ಒಂದು ಚೀಟಿ. ನನಗೆ ಪರಿಚಯವಿಲ್ಲದ ಗುಂಡು ಗುಂಡಾದ ಕನ್ನಡ ಅಕ್ಷರಗಳಲ್ಲಿ ಇಂಗ್ಲಿಷ್ ಮಾತುಗಳು:

"ಕೆ 2, ಪಿ 2. ಹೀಗೆ ಆರು ಸಲ. ಆಮೇಲೆ ಸ್ಲಿಪ್ 1, ಕೆ 1, ಪಾಸ್ ಓವರ್. ಟರ್ನ್. ಪಿ ಟುಗೆದರ್. ಕೆ ಟು ಎಂಡ್. ಕಡೆಗೆ ಕಾಸ್ಟ್ ಆಫ್. ಅವರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳಿ. ಶನಿವಾರ ಬಸ್ಸಿನಲ್ಲಿ ಕಳಿಸಿ."

ಸಾವಿರಾರು ನಕ್ಷೆಗಳ ಸಂಕೇತಗಳನ್ನು ಓದಿ ಅರಗಿಸಿಕೊಂಡವನಿಗೆ ಇದೊಂದು ಸಂಕೇತವೇ? ಕೆ ಅಂದರೆ ಕಾಸ್ಮಿರ್! ಪಿ ಅಂದರೆ ಬೇರೆ ಮಂದೆಯ ಯಾವನೋ ಪಾಸ್ಟರ್! ಎರಡು ಶುಕ್ರವಾರ ನನ್ನ ಪ್ರವಚನ, ಎರಡು ಶುಕ್ರವಾರ ಆ ಪಾಸ್ಟರನದು; ಹೀಗೆ ಆರು ಸಲ ಹೋಗಿ ಹೋಗಿ ಅಭ್ಯಾಸವಾದ ಮೇಲೆ, ಸ್ಲಿಪ್, ಮೆಲ್ಲಗೆ ಜಾರಿಕೊಳ್ಳುವುದು. ಪಾಸ್ ಓವರ್ ಎಂದರೆ ಕೇಳಬೇಕೇ? ನಮ್ಮ ಪಾಸ್ಕ ಹಬ್ಬದ ಹಳೆಯ ಹೆಸರೇ ಅದು. ಅದನ್ನು ಬೇರೆ ವಿಧಿಯಲ್ಲಿ ಆಚರಿಸುವ ಯಾವುದೋ ಹೊಸ ಪಂಗಡ! ಟರ್ನ್, ಅಂದರೆ ತಿರುಗಿಬೀಳುವುದು! ಪಿ ಟುಗೆದರ್, ಪಾಸ್ಟರನ ಜೊತೆ ಎಲ್ಲರೂ ಒಂದು! ಕೆ ಟು ಎಂಡ್, ಕಾಸ್ಮಿರನ ಅಂತ್ಯ! ಕಡೆಗೆ ಕಾಸ್ಟ್ ಆಫ್, ನನ್ನನ್ನು ಎತ್ತಿ ಎಸೆಯುವುದು!

ನಗಬೇಡಿ. ಆ ಹೊತ್ತು ನನ್ನ ಎದೆಯಲ್ಲಿ ಎದ್ದದ್ದು ನಿಜವಾದ ಭಯ. ಏಕೆಂದರೆ ಬೆನಿಟಾ ಒಬ್ಬಳೇ ಅಲ್ಲ. ನಮ್ಮ ಒಬ್ಬಳೇ ಮಗಳು ಶರಲ್ ಕ್ರಿಸ್ಮಸ್ ಕಳೆದ ಮೇಲೆ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಅವಳ ಗಂಡ ಫ್ಲಾಯ್ಡ್ ರಾಸ್ ಲಫಾನ್‌ನ ಅನಿಲ ಸ್ಥಾವರದಲ್ಲಿ ಇಂಜಿನಿಯರ್. ವಾಸ ಅಲ್ ಖೋರ್‌ನ ಕಂಪೆನಿ ವಸತಿಯಲ್ಲಿ. ಮೊದಲೆಲ್ಲ ತಪ್ಪದೆ ಶುಕ್ರವಾರದ ಕೂಟಕ್ಕೆ ಬರುತ್ತಿದ್ದವಳು ಈಗ ಫೋನ್ ಮಾಡಿದರೆ ಒಮ್ಮೆ ಶಿಫ್ಟ್, ಒಮ್ಮೆ ಶೀತ, ಒಮ್ಮೆ ಕಾರು ಕೆಟ್ಟಿದೆ. "ನಾವೇ ಹೋಗಿ ಬರೋಣವೇ?" ಎಂದರೆ ಬೆನಿಟಾ, "ಬೇಡ ಬೇಡ, ಅವರಿಗೆ ತೊಂದ್ರೆ" ಎನ್ನುತ್ತಿದ್ದಳು. ಹೆಂಡತಿ, ಮಗಳು ಇಬ್ಬರನ್ನೂ ಕಳೆದುಕೊಂಡರೆ ಈ ಮರಳುಗಾಡಿನಲ್ಲಿ ನನಗೆ ಉಳಿಯುವುದೇನು? ಒಂದು ಮೈಕು.

ಊಟದ ಹೊತ್ತಿಗೆ ಜಾಣತನದಿಂದ ಪರೀಕ್ಷಿಸಿದೆ.

"ಬೆನಿಟಾ, ಪಾಸ್ಕದ ಬಗ್ಗೆ ಈಗೀಗ ನಿನ್ನ ಅಭಿಪ್ರಾಯವೇನು?"

"ಎಂತ ಅಭಿಪ್ರಾಯ? ಕೋಳಿ ಸುಕ್ಕ, ಇಡ್ಲಿ."

"ಅದಲ್ಲ. ತಿರುಗುವ ಆಲೋಚನೆ ಏನಾದರೂ ಇದೆಯೇ?"

"ತಿರುಗ್ಲಿಕ್ಕೆ ಎಲ್ಲಿಗೆ? ಏಳು ಸಲ ಟೆಸ್ಟಿನಲ್ಲಿ ಫೇಲಾದವರ ಜೊತೆ?"

ನನ್ನ ಡ್ರೈವಿಂಗ್ ಲೈಸೆನ್ಸಿನ ವಿಚಾರ ಅಲ್ಲಿ ಅಪ್ರಸ್ತುತವಾಗಿತ್ತು. ಮಾತು ಬದಲಿಸುವ ಈ ಕೌಶಲ ಅವಳಿಗೆ ಕಲಿಸಿದವರು ಯಾರು? ಆ ಪಿ ಇರಬೇಕು!

ಶನಿವಾರ ನಾಲ್ಕು ಗಂಟೆಗೆ "ಕೊತ್ತಂಬರಿ ಮುಗಿದಿದೆ" ಎಂದು ಅವಳು ಕೆಳಗಿಳಿದಳು. ನಾನು ಎದುರು ಬದಿಯ ಲಾಂಡ್ರಿಯ ಗಾಜಿನ ಹಿಂದೆ, ನೇತುಹಾಕಿದ ತೋಬುಗಳ, ಅರಬರ ಉದ್ದ ಬಿಳಿ ಅಂಗಿಗಳ, ನಡುವೆ ನಿಂತೆ. ಅಲ್ ಖೋರ್ ವಸತಿಯ ಕುಟುಂಬಗಳನ್ನು ವಾರಾಂತ್ಯದ ಖರೀದಿಗೆ ದೋಹಾಕ್ಕೆ ತಂದು ಮರಳಿ ಕರೆದೊಯ್ಯುವ ಕಂಪೆನಿ ಬಸ್ಸು ಸಿಗ್ನಲ್ಲಿನ ಬಳಿ ನಿಂತಿತು. ಬೆನಿಟಾ ಎಡಬಲ ನೋಡಿ, ಹಸುರು ಚೀಲವೊಂದನ್ನು ಡ್ರೈವರನ ಕೈಗಿತ್ತು, ಅವನಿಂದ ಮಡಿಸಿದ ಚೀಟಿಯೊಂದನ್ನು ತೆಗೆದುಕೊಂಡಳು. ಸ್ವೀಕೃತಿ, ರವಾನೆ! ನನ್ನ ಕಚೇರಿಯ ಪದ್ಧತಿಯೇ!

ಡ್ರೈವರ್ ಯಾರೆಂದೂ ಗೊತ್ತಾಯಿತು: ನಮ್ಮ ಉಪ್ಪಿನಂಗಡಿಯ ಮೊಯ್ದಿನ್. ಒಳ್ಳೆಯ ಬ್ಯಾರಿ ಮನುಷ್ಯ. ಐದು ಹೊತ್ತು ನಮಾಜು ತಪ್ಪಿಸುವವನಲ್ಲ. ಇವನನ್ನೂ ಆ ಪಾಸ್ಟರ್ ಹಿಡಿದುಬಿಟ್ಟನೇ? ಎಂಥ ಮಾತುಗಾರನಿರಬೇಕು! ಒಂದು ಕ್ಷಣ, ದೇವರು ಕ್ಷಮಿಸಲಿ, ಮತ್ಸರವಾಯಿತು.

ಮುಂದಿನ ಶನಿವಾರ, ರೋಗಿಯೊಬ್ಬರನ್ನು ನೋಡಿ ಬರುತ್ತೇನೆಂದು ಬೆನಿಟಾಳಿಗೆ ಸುಳ್ಳು ಹೇಳಿ (ತಪಸ್ಸುಕಾಲದಲ್ಲಿ ಸುಳ್ಳು ಬೇರೆ!), ಅವಳು ಚೀಲ ಕೊಡುವ ಜಾಗದಿಂದ ಒಂದು ನಿಲ್ದಾಣ ಮುಂದೆ ನಿಂತು ಬಸ್ಸಿಗೆ ಕೈ ತೋರಿಸಿದೆ. ಮೊಯ್ದಿನನ ಮುಖ ಬಿಳಿಚಿಕೊಂಡಿತು.

"ಎಂತ ಸಾರ್, ನೀವು? ಬೆನಿಟಾಂಟಿಗೆ ಗೊತ್ತುಂಟಾ?"

"ಮಗಳಿಗೆ ಸರ್‌ಪ್ರೈಸ್."

"ಸರ್‌ಪ್ರೈಸ್ ಯಾಕೆ ಸಾರ್? ಫೋನ್ ಮಾಡಿ ಹೋಗುವ. ಇನ್ನೊಂದು ವಾರ ಹೋಗುವ."

"ಯಲ್ಲಾ, ಬಸ್ಸು ಬಿಡು ಮೊಯ್ದಿನ್."

ಹಸುರು ಚೀಲ ಅವನ ಹಿಂದಿನ ಸೀಟಿನ ಮೇಲೆಯೇ ಇತ್ತು. ನಾನು ಅದರ ಪಕ್ಕದಲ್ಲಿ ಕುಳಿತೆ. ಬಾಯಿಗೆ ಎರಡು ಗಂಟು. ನಾನು ಸತ್ಯವಂತ, ಗಂಟು ಬಿಚ್ಚಲಿಲ್ಲ. ಆದರೆ ಗಂಟಿನ ಸಂದಿಯಿಂದ ಬೆರಳುದ್ದದ ಹಳದಿ ಎಳೆಯೊಂದು ತಾನಾಗಿಯೇ ಹೊರಗೆ ಇಣುಕಿ, ನನ್ನನ್ನು ನೋಡಿ ಕುಣಿಯುತ್ತಿತ್ತು. ಎಳೆ ಎಂದು ಅದರ ಹೆಸರೇ ಹೇಳುತ್ತದಲ್ಲ! ನಾನು ಎಳೆದೆ.

ಬಂತು. ಇನ್ನಷ್ಟು ಎಳೆದೆ. ಇನ್ನಷ್ಟು ಬಂತು. ಚೀಲದೊಳಗಿನ ದಾಖಲೆಗಳನ್ನು ಈ ನೂಲಿನಲ್ಲಿ ಸುತ್ತಿಟ್ಟಿದ್ದಾರೆ, ಸುತ್ತು ಮುಗಿದರೆ ಗುಟ್ಟು ಹೊರಬೀಳುತ್ತದೆ ಎಂಬುದು ನನ್ನ ಲೆಕ್ಕಾಚಾರ. ಎಳೆದ ನೂಲನ್ನು ಸೀಟಿನ ಮೇಲೆ ಹರಡುವುದು ಅಶಿಸ್ತೆಂದು ಎಡಗೈಗೆ ಅಚ್ಚುಕಟ್ಟಾಗಿ ಸುತ್ತತೊಡಗಿದೆ. ಉಮ್ ಸಲಾಲ್ ದಾಟುವಾಗ ಅಂಗೈ ಮುಚ್ಚಿತ್ತು. ಒಳಗೆ ಏನೋ ಟುಳುಟುಳು ಎಂದು ಸಾಲು ಸಾಲಾಗಿ ಬಿಚ್ಚಿಕೊಳ್ಳುವ ಸ್ಪರ್ಶ ಬೆರಳಿಗೆ ಬರುತ್ತಿತ್ತು. ಎಂಥ ಆನಂದ! ಸತ್ಯ ಹೊರಬರುವಾಗ ಹೀಗೆಯೇ ಟುಳುಗುಟ್ಟುತ್ತದೆ ಎಂದು ಮುಂದಿನ ಪ್ರವಚನಕ್ಕೆ ಗುರುತು ಹಾಕಿಕೊಂಡೆ.

ಮೊಯ್ದಿನ್ ಕನ್ನಡಿಯಲ್ಲಿ ನೋಡಿದ.

"ಸಾರ್, ಅಲ್ಲಿ ಎಂತ ಮಾಡ್ತಾ ಇದ್ದೀರಿ?"

"ಜಪ."

"ಹಳದಿ ಜಪಸರವಾ?"

"ತಪಸ್ಸುಕಾಲದ್ದು. ನೀನು ರಸ್ತೆ ನೋಡು."

ಸಿಮೈಸ್ಮಾದ ತಿರುವಿನಲ್ಲಿ ಹಳದಿ ಮುಗಿದು ಬಿಳಿ ಬಂತು. ಬಿಳಿ! ಎರಡನೆಯ ಸಂಕೇತ! ನಾನು ಇನ್ನೂ ವೇಗವಾಗಿ ಎಳೆದೆ. ಪಕ್ಕದ ಸೀಟಿನ ಮಲಯಾಳಿ ಹೆಂಗಸು ತನ್ನ ಬಾಳೆಹಣ್ಣಿನ ಚೀಲವನ್ನು ನನ್ನಿಂದ ದೂರಕ್ಕೆ ಸರಿಸಿಕೊಂಡಳು. ಮತ್ತೆ ಹಳದಿ. ಅಲ್ ಖೋರ್‌ನ ಮೊದಲ ಮನೆಗಳು ಕಾಣುವ ಹೊತ್ತಿಗೆ ಎಳೆಯ ತುದಿ ಪುಳಕ್ಕನೆ ಹೊರಗೆ ಬಂದು ನನ್ನ ಮೂಗಿಗೆ ಬಡಿಯಿತು. ನನ್ನ ಎಡಗೈ ಮೊಣಕೈಯವರೆಗೆ ಹಲಸಿನ ಹಣ್ಣಿನಷ್ಟು ಗಾತ್ರವಾಗಿತ್ತು. ಚೀಲ ಮಾತ್ರ ಬರಿದಾದಂತೆ ಕುಸಿದಿತ್ತು.

ವಸತಿಯ ಗೇಟಿನಲ್ಲಿ ಮೊಯ್ದಿನನ ಹೆಂಡತಿ ಆಸಿಯಾ ಕಾದಿದ್ದಳು. ಚೀಲವನ್ನು ತೆಗೆದುಕೊಂಡು, ಹಗುರವೆನಿಸಿ, ಅಲ್ಲಿಯೇ ಗಂಟು ಬಿಚ್ಚಿದಳು. ಒಳಗೆ ಎರಡು ಉದ್ದ ಸೂಜಿ, ಮೂರು ಗುಂಡಿ.

"ರೀ, ಸ್ವೆಟರ್ ಎಲ್ಲಿ? ಕೊನೆಯ ಕುಣಿಕೆ ನಾನು ಬಿಗಿದು ಕೊಡ್ತೇನೆ ಅಂತ ಹೇಳಿದ್ದೆ, ಹಾಗೆ ಸಡಿಲ ಬಿಟ್ಟು ಕಳಿಸಿದ್ದಾರೆ ಬೆನಿಟಾಂಟಿ. ಎಲ್ಲುಂಟು?"

ಮೊಯ್ದಿನ್ ನನ್ನ ಕೈ ನೋಡಿದ. ಆಸಿಯಾ ನನ್ನ ಕೈ ನೋಡಿದಳು. ಬಾಳೆಹಣ್ಣಿನ ಹೆಂಗಸೂ ಇಳಿಯದೆ ನಿಂತು ನೋಡಿದಳು.

"ಯಾ ಅಲ್ಲಾ!" ಎಂದಳು ಆಸಿಯಾ. "ಆರು ವಾರದ ಕೆಲಸ! ಖಲಾಸ್!"

ನಾನು ಕುಗ್ಗಲಿಲ್ಲ. ಸ್ವೆಟರೆಂಬುದೂ ಒಂದು ಸಂಕೇತವೇ ಇರಬಹುದಷ್ಟೆ? "ನನ್ನ ಮಗಳ ಮನೆಗೆ ದಾರಿ ತೋರಿಸಿ" ಎಂದು ಗಂಭೀರವಾಗಿ ಹೇಳಿ, ಹಳದಿ ಕೈಯನ್ನು ಎದೆಯ ಮುಂದೆ ಹಿಡಿದು, ಆಸಿಯಾಳ ಹಿಂದೆ ಮೆಟ್ಟಿಲೇರಿದೆ. ಬಾಗಿಲು ತೆರೆದುಕೊಳ್ಳುತ್ತಿದ್ದಂತೆ ಗುಡುಗಿದೆ:

"ಎಲ್ಲಿದ್ದಾನೆ ಆ ಪಿ?"

ಬಾಗಿಲಲ್ಲಿ ಶರಲ್ ನಿಂತಿದ್ದಳು. ಸಡಿಲವಾದ ನಿಲುವಂಗಿ, ಬೆನ್ನಿಗೆ ಒಂದು ಕೈ, ಮುಂದೆ ಐದೂವರೆ ತಿಂಗಳ ಹೊಟ್ಟೆ.

ಸಹೋದರರೇ, ಹದಿನೆಂಟು ವರ್ಷ ಮೈಕು ಹಿಡಿದ ನಾನು ಹಳದಿ ಕೈಯನ್ನು ಮೆಲ್ಲಗೆ ಕೆಳಗಿಳಿಸಿದೆ.

"ಪಿ ಯಾರು ಡ್ಯಾಡಿ?" ಎಂದಳು ಅವಳು, ನನ್ನ ಕೈಯನ್ನು ನೋಡುತ್ತ. "ಅದು... ಅದು ನನ್ನ ಪಾಪುವಿನ ಸ್ವೆಟರಾ?"

ನಾನು ಕುರ್ಚಿಯಲ್ಲಿ ಕುಳಿತೆ. ಅಂದೇ ಜೇಬಿಗಿಳಿಸಿದ್ದ ಚೀಟಿ ತೆಗೆದುಕೊಟ್ಟೆ. ಶರಲ್ ಓದಿ, ಅಕ್ಷರ ಆಸಿಯಾಳದೆಂದಳು; ನನ್ನ ವ್ಯಾಖ್ಯಾನವನ್ನೂ ಕೇಳಿದಳು, ಪಾಸ್ಟರನಿಂದ ಹಿಡಿದು ಕಾಸ್ಮಿರನ ಅಂತ್ಯದವರೆಗೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅದು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ.

"ನಿಮಗೆ ಹೇಳ್ಬಾರ್ದು ಅಂತ ಮಮ್ಮಿಗೆ ಹೇಳಿದ್ದು ನಾನೇ. ಹೋದ ವರ್ಷ ಆರನೇ ವಾರದಲ್ಲೇ ನಾನು ಬಸುರಿ ಅಂತ ನೀವು ಮೈಕ್ ಹಿಡಿದು ಹೇಳಿದ್ರಿ. ನನ್ನ ಹೆಸರು ಸಮೇತ. ಲಡ್ಡು ಹಂಚಿದ್ರಿ. ಮೂರು ವಾರದಲ್ಲಿ ಎಲ್ಲಾ ಮುಗೀತು. ಆಮೇಲೆ ಆರು ತಿಂಗಳು, ಸೂಪರ್‌ಮಾರ್ಕೆಟ್, ಪಾರ್ಕಿಂಗ್, ಎಲ್ಲಿ ಹೋದ್ರೂ 'ಈಗ ಎಷ್ಟು ತಿಂಗಳು ಶರಲ್?' ಅಂತ ಕೇಳಿದ್ರು. ಉತ್ತರ ಕೊಡಬೇಕಾದವಳು ನಾನು ಡ್ಯಾಡಿ, ನೀವಲ್ಲ. ಈ ಸಲ ಡಾಕ್ಟರ್ ಬೆಡ್ ರೆಸ್ಟ್ ಹೇಳಿದ್ದಾರೆ. ನನಗೆ ಇನ್ನೊಮ್ಮೆ ಆ ಪ್ರಶ್ನೆ ಬೇಡ."

ಆ ಲಡ್ಡುಗಳನ್ನು ನಾನೇ ಆರಿಸಿ ತಂದಿದ್ದೆ. ಅದು ನಡೆದ ಮೇಲೆ ಸಾಂತ್ವನದ ಬಗ್ಗೆ ಎರಡು ಪ್ರವಚನಗಳನ್ನೂ ಮಾಡಿದ್ದೆ. ಅವಳಿಗೆ ಆ ಪ್ರಶ್ನೆಯನ್ನು ಕೇಳಿದವರ ಬಾಯಿಗೆ ಅದನ್ನು ಇಟ್ಟವನು ನಾನೆಂದು ಒಮ್ಮೆಯೂ ಹೊಳೆದಿರಲಿಲ್ಲ. ಹೆಂಡತಿ ಮಗಳು ಕೈತಪ್ಪಿ ಹೋಗುತ್ತಿದ್ದುದು ಹೌದು. ಆದರೆ ಅವರನ್ನು ದೂರ ಓಡಿಸುತ್ತಿದ್ದವನು ಪಿ ಅಲ್ಲ, ಕೆ.

ಶರಲ್ ಬೆನಿಟಾಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಮಮ್ಮಿ, ಡ್ಯಾಡಿ ಇಲ್ಲಿದ್ದಾರೆ."

ಅತ್ತ ಕಡೆಯಿಂದ ಒಂದೇ ಮಾತು ಬಂತು. "ಸ್ವೆಟರ್?"

"ಅದೂ ಇಲ್ಲೇ ಉಂಟು. ಉಂಡೆಯಾಗಿ."

ಬೆನಿಟಾ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅವುಗಳಲ್ಲಿ ಒಂದೆರಡು ನನಗೆ ಹೊಸವು. ಅವಳು ಉಸಿರು ತೆಗೆದುಕೊಳ್ಳುವಾಗ ನಾನು ಬಡಪಾಯಿಯಾಗಿ ಕೇಳಿದೆ, "ಹಾಗಾದರೆ ಕೆ ಅಂದರೆ ಏನು?"

"ನಿಟ್. ಸೀದಾ ಹೊಲಿಗೆ. ಪಿ ಅಂದ್ರೆ ಪರ್ಲ್, ಉಲ್ಟಾ ಹೊಲಿಗೆ. ಅಷ್ಟೂ ಗೊತ್ತಿಲ್ವಾ?"

"ನಿಟ್ ಎನ್ನುವುದಕ್ಕೆ ಕೆ ಎಲ್ಲಿಂದ ಬಂತು?"

"ಉಂಟು ಡ್ಯಾಡಿ, ಮೊದಲ ಅಕ್ಷರವೇ ಕೆ," ಎಂದಳು ಶರಲ್. "ಆದ್ರೆ ಸೈಲೆಂಟ್."

"ಕೇಳಿತಾ?" 'ಬಾಯ್' ಅತ್ತಲಿಂದ ಗರ್ಜಿಸಿದಳು. "ಕೆ ಸೈಲೆಂಟ್! ಕೆ ಬಾಯಿ ಮುಚ್ಚಿಕೊಂಡಿದ್ರೆ ಮಾತ್ರ ಹೆಣಿಗೆ ಆಗುವುದು!"

ತೀರ್ಪು ಅಲ್ಲಿಯೇ ಆಯಿತು. ಬಿಚ್ಚಿದವನೇ ಹೆಣೆಯಬೇಕು. ಮಗು ಹುಟ್ಟುವವರೆಗೆ ಪ್ರವಚನದಲ್ಲಾಗಲಿ, ಪ್ರಾರ್ಥನೆಯಲ್ಲಾಗಲಿ, ದೃಷ್ಟಾಂತದಲ್ಲಾಗಲಿ ಒಂದಕ್ಷರ ಹೊರಬರಬಾರದು. "ಜೂನ್ ಕೊನೆಗೆ ಹುಟ್ಟುವ ಮಗುವಿಗೆ ಉಣ್ಣೆಯೇ?" ಎಂದು ಕ್ಷೀಣವಾಗಿ ಆಕ್ಷೇಪಿಸಿದೆ. "ಆಸ್ಪತ್ರೆಯ ಎಸಿಯಲ್ಲಿ ಒಮ್ಮೆ ಕೂತು ನೋಡಿ ಸಾರ್, ಹಲ್ಲು ಕಟಕಟ ಹೇಳ್ತದೆ" ಎಂದು ಆಸಿಯಾ ನನ್ನ ಬಾಯಿ ಮುಚ್ಚಿಸಿದಳು.

ಹಾಗೆ ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಸೂಜಿ ಹಿಡಿದೆ. ಪ್ರತಿ ಶನಿವಾರ ನನ್ನ ಹೆಣಿಗೆ ಮೊಯ್ದಿನನ ಬಸ್ಸಿನಲ್ಲಿ ಅಲ್ ಖೋರ್‌ಗೆ ಹೋಗುತ್ತಿತ್ತು. ಆಸಿಯಾಳ ಚೀಟಿ ಮರಳಿ ಬರುತ್ತಿತ್ತು. ಮೊದಲನೆಯದರಲ್ಲಿ ತಲೆ ತೂರುವಷ್ಟು ಜಾಗವಿರಲಿಲ್ಲ. "ಬಿಚ್ಚಿ. ಅದು ನಿಮಗೆ ಚೆನ್ನಾಗಿ ಬರ್ತದೆ" ಎಂದು ಚೀಟಿ. ಎರಡನೆಯದಕ್ಕೆ ಎರಡು ತೋಳುಗಳೂ ಒಂದೇ ಬದಿಗೆ. ನಾನು ಕಚೇರಿಯ ಶಿಸ್ತಿನಿಂದ ಪ್ರತಿಯೊಂದಕ್ಕೂ ಪರಿಷ್ಕರಣೆಯ ಸಂಖ್ಯೆ ಕೊಟ್ಟು ಕಳುಹಿಸಿದೆ. ಅಂಗೀಕಾರವಾದದ್ದು ಏಳನೆಯ ಪರಿಷ್ಕರಣೆ.

ಕಷ್ಟವಾದದ್ದು ಸೂಜಿಯಲ್ಲ, ಮೌನ. ಶುಕ್ರವಾರ ಮೈಕಿನ ಮುಂದೆ ನಿಂತರೆ ಸುದ್ದಿ ಗಂಟಲವರೆಗೆ ಉಕ್ಕುತ್ತಿತ್ತು. ಬಾಯಿ ತೆರೆದರೆ ಹೊರಬಂದೀತೆಂದು ಪ್ರವಚನವನ್ನು ಒಂದು ಗಂಟೆಯಿಂದ ಇಪ್ಪತ್ತು ನಿಮಿಷಕ್ಕೆ, ಆಮೇಲೆ ಹತ್ತಕ್ಕೆ ಇಳಿಸಿದೆ. ಉಳಿದ ಹೊತ್ತು "ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ಪ್ರಾರ್ಥಿಸೋಣ" ಎಂದುಬಿಡುತ್ತಿದ್ದೆ. ಆಶ್ಚರ್ಯ! ಅರುವತ್ತು ಮಂದಿ ಕೆಮ್ಮದೆ, ಕದಲದೆ, ಕಣ್ಣಂಚು ಒದ್ದೆಯಾಗುವಂತೆ ಪ್ರಾರ್ಥಿಸುತ್ತಿದ್ದರು. ನನ್ನ ಹತ್ತು ನಿಮಿಷಗಳ ಮಾತಿಗೆ ಇಷ್ಟು ಶಕ್ತಿಯೇ ಎಂದು ನಾನು ಒಳಗೊಳಗೇ ಉಬ್ಬಿದೆ.

ಜೂನ್ ಕೊನೆಯ ವಾರ ಶರಲ್‌ಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ಆಸ್ಪತ್ರೆಯಲ್ಲಿ ಶರಲ್ ನನ್ನ ಕೈಗೆ ಮಗುವನ್ನಿಟ್ಟು ಹೇಳಿದಳು, "ಈಗ ಹೇಳಿ ಡ್ಯಾಡಿ, ಯಾರಿಗೆ ಬೇಕಾದ್ರೂ."

ಆ ಶುಕ್ರವಾರ ನಾನು ಎದ್ದು ನಿಂತೆ. ಮೈಕನ್ನು ತಟ್ಟಲಿಲ್ಲ. ನೂರು ದಿನ ಕಾದಿದ್ದ ಗುಟ್ಟನ್ನು ಮೂರು ವಾಕ್ಯಗಳಲ್ಲಿ ಹೇಳಿದೆ. ಜನ ಬೆರಗಾಗಿ ಎದ್ದು ನಿಲ್ಲುವರೆಂದು ಕಾದೆ.

ಯಾರೂ ಬೆರಗಾಗಲಿಲ್ಲ. ಬದಲಿಗೆ ಹಾಲಿನ ತುಂಬ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು. ಆಂಟನಿ ಕಣ್ಣೊರೆಸಿಕೊಳ್ಳುತ್ತ ಬಂದು ನನ್ನನ್ನು ತಬ್ಬಿಕೊಂಡ.

"ದೇವರು ದೊಡ್ಡವನು ಬ್ರದರ್! ಜನವರಿಯಿಂದ ಇದಕ್ಕೇ ಕಾದಿದ್ದೆವು."

"ಜನವರಿಯಿಂದ? ನಿನಗೆ ಗೊತ್ತಿತ್ತೇ?"

"ಎಲ್ಲರಿಗೂ ಗೊತ್ತಿತ್ತು. ಶರಲ್‌ನ ಕೇಳಿಯೇ ಬೆನಿಟಾ ಬಾಯ್ ಜನವರಿಯಲ್ಲೇ ಹೇಳಿದ್ರು. ಪ್ರಾರ್ಥನೆ ಮಾಡಿ, ಶರಲ್ ಹತ್ರ ಏನೂ ಕೇಳ್ಬೇಡಿ, ಇವರಿಗೆ ಮಾತ್ರ ಹೇಳ್ಬೇಡಿ ಅಂತ. ಕಣ್ಣು ಮುಚ್ಚಿ ನಾವು ಎಂತ ಪ್ರಾರ್ಥನೆ ಮಾಡ್ತಿದ್ದೆವು ಅಂತ ಎಣಿಸಿದ್ರಿ? ನಿಮ್ಮ ಪ್ರವಚನಕ್ಕೆ ಅತ್ತದ್ದಾ?"

ಮಾತು ಮುಗಿಯುವ ಮೊದಲೇ ಹೆಂಗಸರು ಒಬ್ಬೊಬ್ಬರಾಗಿ ಕೈಚೀಲ ತೆರೆದರು. ಒಂದು ಟೊಪ್ಪಿ. ಒಂದು ಜೊತೆ ಕಾಲುಚೀಲ. ಇನ್ನೊಂದು ಜೊತೆ. ಪುಟ್ಟ ಕಂಬಳಿ. ಎಲ್ಲವೂ ಹಳದಿ, ಎಲ್ಲವೂ ಕೈಯಲ್ಲಿ ಹೆಣೆದವು! ಆರು ತಿಂಗಳು ಅರುವತ್ತು ಮಂದಿ ನನ್ನ ಮನೆಯಲ್ಲಿಯೇ ಕುಳಿತು, ನನ್ನ ಮಗಳ ಗುಟ್ಟನ್ನು ನನ್ನಿಂದ ಕಾಪಾಡಿದ್ದರು. ಅವರಿಗೆ ಹದಿನೆಂಟು ವರ್ಷ ಉಪದೇಶ ಮಾಡಿದವನು ನಾನು. ಅದನ್ನು ಪಾಲಿಸಿದವರು ಅವರು.

ಆದ್ದರಿಂದ ಸಹೋದರರೇ, ಸಹೋದರಿಯರೇ, ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ನೀವೂ ಹಾಗೆಯೇ ಮಾಡಿ. ನಿಮ್ಮವರಲ್ಲಿ ಯಾರಾದರೂ ಒಂದು ಆಸೆಯನ್ನು ಬಚ್ಚಿಟ್ಟುಕೊಂಡು ಹೆದರಿ ಕುಳಿತಿದ್ದರೆ, ಏನೆಂದು ಕೇಳಲು ಹೋಗದೆ, ಎರಡು ಸೂಜಿ, ಒಂದು ಉಂಡೆ ನೂಲು ತೆಗೆದುಕೊಂಡು ಅವರಿಗಾಗಿ ಏನಾದರೊಂದನ್ನು ಹೆಣೆಯಿರಿ, ಹೊಲಿಗೆಗೊಂದು ಪ್ರಾರ್ಥನೆಯಂತೆ. ಯಾರಿಗಾಗಿ ಹೆಣೆಯುತ್ತಿದ್ದೀರೆಂದು ದೇವರಿಗೆ ಹೇಳಿ. ದಯವಿಟ್ಟು ನನಗೆ ಮಾತ್ರ ಹೇಳಬೇಡಿ.